ಕೆಂಪು ಶೂ ಕತ್ತರಿಸಿದ್ದು ಯಾಕೆ?

ನನ್ನ ಸೈಮಿ ಅತ್ತೆಗೆ,

ಫೋನ್ ಮಾಡಬಹುದಿತ್ತು. ನಿಮ್ಮ ದನಿ ಕೇಳಿದರೆ ಮತ್ತೆ ಸುಳ್ಳೇ ಹೇಳಿಬಿಡುತ್ತೇನೆಂಬ ಭಯಕ್ಕೆ ಬರೆಯುತ್ತಿದ್ದೇನೆ. ಅರವತ್ತು ದಾಟಿದರೂ ನಿಮ್ಮ ಅಣ್ಣನ ಮಗ ಹೇಡಿ ಎಂಬುದು ಶನಿವಾರ ನಿಮ್ಮ ಕಣ್ಣೆದುರೇ ಬಯಲಾಯಿತಲ್ಲ.

ಸಂಗ್ರಹಾಲಯದಲ್ಲಿ ಹಳೆಯ ಚಾಕುಗಳ ಮೂಲ ಗುರುತಿಸಿಕೊಡುತ್ತಾರೆ ಎಂದಾಗ ಹಠ ಮಾಡಿ ನಿಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವನು ನಾನೇ. ನಾವು ಒಯ್ದದ್ದು ಅಪ್ಪ ಸಾಯುವವರೆಗೂ ಸೊಂಟದಿಂದ ಇಳಿಸದ ಪುಕ್ಕೊ ಚಾಕು. ಬರ್ಚ್ ಮರದ ತೊಗಟೆಯ ಹಿಡಿ, ತುದಿಯಲ್ಲಿ ಹಿತ್ತಾಳೆಯ ಕುದುರೆ ತಲೆ. ಅದರ ಮೇಲೆ ಅಪ್ಪನ ಕುಲುಮೆಯ ಮುದ್ರೆಯಿಲ್ಲವೆಂದು ಪಕ್ಕದ ಮನೆಯ ವಿಹ್ತೊರಿ ವರ್ಷಗಟ್ಟಲೆ ಕಾಲೆಳೆಯುತ್ತಿದ್ದ. "ನಿಮ್ಮಪ್ಪ ಸಂತೇಲಿ ಕೊಂಡಿದ್ದು ಕಣೋ! ಕಮ್ಮಾರ ಆಗಿ ಹೇಳ್ಕೊಳ್ಳೋಕೆ ನಾಚ್ಕೆ ಅಷ್ಟೆ." ಅವನ ಬಾಯಿ ಮುಚ್ಚಿಸಬೇಕಿತ್ತು ನನಗೆ. ಅವನನ್ನೂ ಕರೆದುಕೊಂಡೇ ಹೋಗಿದ್ದೆ.

ಚಾಕುಗಳನ್ನು ನೋಡಲು ಕೂತಿದ್ದ ಐನಿಕ್ಕಿ ಎಂಬ ಹುಡುಗಿ ಭೂತಗನ್ನಡಿ ಹಿಡಿದು, "ಅಲಗು ನಿಮ್ಮ ಕುಲುಮೇದೇ, ಅನುಮಾನ ಬೇಡ" ಎಂದಾಗ ನಾನು ವಿಹ್ತೊರಿಯ ಕಡೆ ನೋಡಿ ಬೀಗಿದೆ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. "ತೊಗಟೆ ಮಧ್ಯೆ ಈ ಕೆಂಪು ಪಟ್ಟಿ ನೋಡಿ. ಇದು ಚರ್ಮ, ಹೊಲಿಗೆ ತೂತು ಕಾಣ್ತಿದೆ. ಯಾರದೋ ಶೂ ಕತ್ತರಿಸಿ ಹಾಕಿದಾರೆ. ನಿಮ್ಮನೇಲಿ ಯಾರಿಗಾದ್ರೂ ಕೆಂಪು ಶೂ ಇತ್ತಾ?"

ಇತ್ತು ಅತ್ತೆ. ಯುದ್ಧ ಮುಗಿದ ಮೇಲೆ ಅಮೆರಿಕದ ನೆಂಟರು ಕಳಿಸಿದ ಕೆಂಪು ಶೂಗಳನ್ನು ನೀವು ಚೂರುಚೂರು ಮಾಡಿದ ಕತೆ ಪ್ರತಿ ಕ್ರಿಸ್ಮಸ್ ಊಟಕ್ಕೂ ನಮ್ಮ ಮನೆಯಲ್ಲಿ ಬಡಿಸುವ ಪದಾರ್ಥವಾಗಿತ್ತು. "ಸೈಮಿಗೆ ಒಳ್ಳೇದು ಕೊಟ್ರೆ ದಕ್ಕಲ್ಲ" ಎನ್ನುತ್ತಿದ್ದಳು ಅಜ್ಜಿ. ನಾನೂ ಬಾಯಿತುಂಬ ತಿಂಡಿ ಇಟ್ಟುಕೊಂಡು ನಗುತ್ತಿದ್ದೆ. ಯಾಕೆ ಕತ್ತರಿಸಿದಿರಿ ಎಂದು ಒಬ್ಬರೂ ಕೇಳಲಿಲ್ಲ.

ಶನಿವಾರ ಉತ್ತರ ನನ್ನ ಕೈಯಲ್ಲೇ ಇತ್ತು, ಆ ಚಾಕುವಿನ ಹಿಡಿಯಲ್ಲಿ. ಕಾಫಿ ಲೋಟ ಹಿಡಿದು ನೀವು ಪಕ್ಕದಲ್ಲೇ ಕೂತು ನನ್ನ ಮುಖ ನೋಡುತ್ತಿದ್ದಿರಿ. ನಾನೇನು ಹೇಳಿದೆ? "ಗೊತ್ತಿಲ್ಲಮ್ಮ. ಅಪ್ಪ ಸಿಕ್ಕಿದ್ದೆಲ್ಲ ಉಪಯೋಗಿಸೋರು." ಮಾಡಿದವರು ನೆಸ್ತೊರಿ ಎಂದು ಚಾಕುವಿನ ಚೀಟಿಯಲ್ಲಿ ಅಪ್ಪನ ಹೆಸರನ್ನೇ ಬರೆಸಿದೆ. ಜನ ಚಪ್ಪಾಳೆ ತಟ್ಟಿದರು. ನೀವೂ ತಟ್ಟಿದಿರಿ.

ವಾಪಸ್ ಬರುವಾಗ ಕಾರಿನಲ್ಲಿ ನೀವೇ ಮಾತು ತೆಗೆದಿರಿ. "ಆ ಶೂ ತುಂಬಾ ಕಚ್ಚೋದು ಕಣೋ ತೈಸ್ತೊ, ಅದಕ್ಕೇ ಕತ್ತರಿಸಿದ್ದು." ನನ್ನ ಸುಳ್ಳನ್ನು ಉಳಿಸಲು ನೀವೂ ಒಂದು ಸುಳ್ಳು ಹೇಳಿದಿರಿ. ನಾಚಿಕೆಯಾದರೂ ಹ್ಞೂಂ ಎಂದು ಗಾಡಿ ಓಡಿಸಿದೆ.

ನಿನ್ನೆ ಒಬ್ಬನೇ ಹೋಗಿ, ಆ ಶೂ ನಿಮ್ಮದು, ಚಾಕು ಮಾಡಿದವರೂ ನೀವೇ ಎಂದು ಐನಿಕ್ಕಿಗೆ ನಿಜ ಹೇಳಿದೆ. ಅವಳು ಬೀರುವಿನಿಂದ ಅಪ್ಪನ ಮುದ್ರೆಯಿದ್ದ ಚಾಕುಗಳನ್ನೆಲ್ಲ ತಂದು ಇದರ ಪಕ್ಕ ಸಾಲಾಗಿ ಇಟ್ಟಳು. ಕುದುರೆಗಳ ಕೇಸರದಲ್ಲಿ ಅದೇ ಓರೆ ಗೆರೆಗಳು, ಬಾಯಿಯೂ ಅದೇ ತರಹ ಅರ್ಧ ತೆರೆದದ್ದು. "ಎಲ್ಲಾ ಒಂದೇ ಕೈಯಿನವು" ಎಂದಳು. ಮೈಯೆಲ್ಲ ಮಸಿಯಾಗಿ ನೀವು ಕುಲುಮೆಯಿಂದ ಬರುತ್ತಿದ್ದದ್ದು ನೆನಪಾಯಿತು. ತಿದಿ ಒತ್ತಿ ಬಂದಿರಬೇಕು ಎಂದುಕೊಂಡೇ ನಾನು ಬೆಳೆದೆ. ಅಪ್ಪನ ಮುದ್ರೆ ಬೀಳದಂತೆ ನೀವು ನಿಮಗಾಗಿ ಉಳಿಸಿಕೊಂಡದ್ದು ಇದೊಂದೇ. ಅದನ್ನೂ ಅಪ್ಪ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು.

"ಹಾಗಾದ್ರೆ ನಿಮ್ಮ ತಂದೆ ಏನ್ ಮಾಡ್ತಿದ್ರು?" ಎಂದು ಆ ಹುಡುಗಿ ಮೆಲ್ಲಗೆ ಕೇಳಿದಳು.

"ಮುದ್ರೆ ಹೊಡೀತಿದ್ರು" ಎಂದೆ.

ಈಗ ಆ ಚಾಕುಗಳ ಚೀಟಿಗಳೆಲ್ಲದರ ಮೇಲೂ ನಿಮ್ಮ ಹೆಸರಿದೆ. ವಿಹ್ತೊರಿಗೂ ಹೇಳಿದೆ, ಅವನು ನಗಲಿಲ್ಲ. ಭಾನುವಾರ ಚಾಕು ತರುತ್ತೇನೆ. ಕ್ಷಮಿಸಲೇಬೇಕೆಂದಿಲ್ಲ ಅತ್ತೆ, ಬಾಗಿಲು ತೆಗೆದು ಅದನ್ನಷ್ಟು ಇಸಿದುಕೊಳ್ಳಿ. ನನ್ನನ್ನು ಮನಸಾರೆ ಬೈದು ಮುಗಿಸುವಷ್ಟು ಆಯಸ್ಸನ್ನು ದೇವರು ನಿಮಗೆ ಕೊಡಲಿ.

ತಲೆ ತಗ್ಗಿಸಿಕೊಂಡು,
ನಿಮ್ಮ ತೈಸ್ತೊ