ಅವ್ವನ ದನಿಗೆ ಸಹಿ

ನ್ಯಾಮತಿ
೧೪ ಡಿಸೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಮೈಲಾರಿಗೆ,

ನಿನ್ನ ಅಕ್ಕ ಅಂಬಿಕಾಳ ಆಶೀರ್ವಾದ. ಇಲ್ಲಿ ನಾವು ಮೂವರೂ, ಅಂದರೆ ಅವ್ವ, ನಾನು, ಮಗಳು ಅಕ್ಷಿತಾ, ಚೆನ್ನಾಗಿದ್ದೇವೆ. ನಿನ್ನ ಗಂಟಲು ಹೇಗಿದೆ? ಹೋದ ವಾರ ಟಿವಿಯಲ್ಲಿ ಕಂಡೆ, ದನಿ ಒಡೆದಿತ್ತು. ಶುಂಠಿ ಮೆಣಸು ಹಾಕಿ ಕಷಾಯ ಕುಡಿ ಎಂದರೆ ನೀನು ಕುಡಿಯುವವನಲ್ಲ, ಹೇಳುವುದನ್ನು ನಾನು ಬಿಡುವವಳಲ್ಲ.

ಆಲ್ಬಂ ಕಂಪನಿಯ ಕಾಗದ ನೀನು ಕಳಿಸಿ ತಿಂಗಳ ಮೇಲಾಯಿತು. ತಡವಾದದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ಈಗ ಮ್ಯಾನೇಜರ್ ಕೈಯಲ್ಲಿರುತ್ತದೆ. "ಸರ್ ಶೂಟಿಂಗ್‌ನಲ್ಲಿದ್ದಾರೆ ಮೇಡಂ" ಅನ್ನುತ್ತಾನೆ. ಮೂಗು ಸುರಿಸಿಕೊಂಡು ನನ್ನ ಲಂಗ ಹಿಡಿದು ಓಡಾಡಿದವನು ಯಾವಾಗ ಸರ್ ಆದೆಯೋ! ವಾಟ್ಸ್ಯಾಪಿನಲ್ಲಿ ದನಿ ಕಳಿಸೋಣವೆಂದರೆ, ಮನೆ ಮಂದಿಯ ದನಿ ನಿನ್ನ ಕೈಗೆ ಸಿಕ್ಕರೆ ಆಮೇಲೆ ಅದು ಎಲ್ಲೆಲ್ಲಿ ತಿರುಗುತ್ತದೋ ಯಾರಿಗೆ ಗೊತ್ತು. ತಮಾಷೆಗೆ ಅಂದೆ, ಮುಖ ಊದಿಸಬೇಡ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ನಿನ್ನ ಮೊದಲ ಎರಡು ಆಲ್ಬಂಗಳನ್ನು, "ಕೌದಿ" ಮತ್ತು "ಸ್ಟೀಲ್ ಲೋಟ"ವನ್ನು, ಒಟ್ಟಿಗೆ ಸೇರಿಸಿ ಬರುವ ವರ್ಷ ಹೊಸದಾಗಿ ತರುತ್ತಾರೆಂದು ಕಾಗದ ಓದಿ ತಿಳಿದೆ. "ಕೌದಿ"ಗೆ ಹತ್ತು ವರ್ಷವಾಯಿತಂತೆ. ನನಗೆ ಮೊನ್ನೆ ಮೊನ್ನೆ ಅನ್ನಿಸುತ್ತದೆ. ಎರಡನೆಯದರ ಕೊನೆಯ ಹಾಡಿನಲ್ಲಿರುವುದು ಅವ್ವನ ದನಿಯಾದ್ದರಿಂದ ಆಕೆಯ ಒಪ್ಪಿಗೆ ಬೇಕು, ಪೆನ್ಸಿಲ್ ಗುರುತು ಹಾಕಿದ ಜಾಗದಲ್ಲಿ ಸಹಿ ಮಾಡಿಸಿ ಎಂದು ಬರೆದಿದ್ದಾರೆ. ಏಳು ವರ್ಷದ ಹಿಂದೆ ಯಾರೂ ಕೇಳಲಿಲ್ಲ, ಈಗ ಕೇಳಿದ್ದಾರೆ, ಸಂತೋಷ.

ಸಹಿ ಕೇಳುವ ಮೊದಲು ನಾನೇ ಎರಡನ್ನೂ ಪೂರ್ತಿ ಕೇಳಬೇಕು ಅನ್ನಿಸಿತು. ಹೊನ್ನಾಳಿಯ ಆಚೆ ನಮ್ಮ ಪಂಚಾಯ್ತಿ ಗ್ರಂಥಾಲಯಕ್ಕೆ ನಾನು ದಿನಾ ಎಂಟು ಗಂಟೆಯ ಬಸ್ಸಿಗೆ ಹೋಗುವುದು ನಿನಗೆ ಗೊತ್ತಲ್ಲ. ಅಕ್ಷಿತಾಳ ಇಯರ್‌ಫೋನ್ ಇಸಿದುಕೊಂಡು ಕಿಟಕಿ ಪಕ್ಕ ಕೂತೆ. ಈಗ ಚಳಿ, ಬೆಳಗ್ಗೆ ಹೊಳೆ ಮೇಲೆ ಮಂಜು ನಿಂತಿರುತ್ತದೆ. ಸೇತುವೆ ಮೇಲೆ ಬಸ್ಸು ಹೋಗುವಾಗ ಕೆಳಗೆ ನೀರಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕಣ್ಣು ತಾನಾಗಿ ಮುಚ್ಚುತ್ತದೆ, ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಎರಡು ದಿನ ಇಳಿಯುವ ಜಾಗ ಬಿಟ್ಟು ಮುಂದೆ ಹೋಗಿದ್ದೆ. ಕಂಡಕ್ಟರ್ ಮಹಾಂತೇಶ್, "ಮೇಡಂ, ನಿಮ್ ಲೈಬ್ರರಿ ಹಿಂದೆ ಹೋತು, ಬಸವಾಪಟ್ಣಕ್ಕೆ ಟಿಕೆಟ್ ಹರೀಲೇನು?" ಅಂದ. ಬಸ್ಸೆಲ್ಲ ನಕ್ಕಿತು.

"ಕೌದಿ" ಎಷ್ಟು ಮೆತ್ತಗಿದೆಯೋ ಮಾರಾಯ! ಈಗಿನ ನಿನ್ನ ರ‍್ಯಾಪ್ ಅಬ್ಬರ ಕೇಳಿದವರು ಅದು ನೀನೇ ಎಂದರೆ ನಂಬುವುದಿಲ್ಲ. ಈ ಎರಡು ಕೋಣೆಯ ಮನೆಯಲ್ಲೇ ಅಲ್ಲವೇ ಅದನ್ನು ಮಾಡಿದ್ದು? ನನ್ನ ಮದುವೆಗೆಂದು ಅವ್ವ ಹೊಲಿದುಕೊಟ್ಟ ನಾಲ್ಕು ಕೌದಿಯನ್ನೂ ನೀನು ಸದ್ದು ಬರದಂತೆ ಕಿಟಕಿ ಬಾಗಿಲಿಗೆ ಮೊಳೆ ಹೊಡೆದು ಕಟ್ಟಿದೆ. ನಮ್ಮ ಮನೆಯವರು ಮುಂದಿನ ಅಂಗಡಿಯಲ್ಲಿ ಮಿಕ್ಸಿ ರಿಪೇರಿ ನಿಲ್ಲಿಸಿ, ಬಂದ ಗಿರಾಕಿಗಳಿಗೆಲ್ಲ ಬಾಯಿಗೆ ಬೆರಳಿಟ್ಟು ತೋರಿಸುತ್ತಿದ್ದರು. ನೀನು ಬೆವರಲ್ಲಿ ನೆನೆದು ಕೂತು, ಅವ್ವನ ತವರು ಜಗಳೂರಿನಿಂದ ನ್ಯಾಮತಿಯವರೆಗೆ ಬಸ್ಸು ನಿಲ್ಲುವ ಊರುಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದೆ. ಆರು ವರ್ಷದ ಅಕ್ಷಿತಾ ನಿನ್ನ ತೊಡೆ ಮೇಲೆ ನಿದ್ದೆ ಹೋಗಿದ್ದಳು. ಆಗ ನಿನಗಿನ್ನೂ ಸಿಟ್ಟು ಮಾಡುವುದು ಗೊತ್ತಿರಲಿಲ್ಲ.

ಐದನೇ ಹಾಡು ಮುಗಿಯುವ ಹೊತ್ತಿಗೆ ಹಿಂದಿನಿಂದ ನಮ್ಮ ಮನೆಯವರ ದನಿ ಬರುತ್ತದೆ, ನೆನಪಿದೆಯಾ? "ಲೇ ಮೈಲಾರಿ, ಟೀ ಆರಿ ತಣ್ಣಗಾತು ಬಾರೋ." ಪರಮೇಶ್ ಎಂಬ ಮನುಷ್ಯ ಹೋಗಿ ಹತ್ತು ತಿಂಗಳಾಯಿತು, ಆ ಮಾತು ಮಾತ್ರ ಬಸ್ಸಿನಲ್ಲಿ ನನ್ನ ಕಿವಿಯೊಳಗೆ ಬಿಸಿಬಿಸಿಯಾಗಿದೆ. ಅದೊಂದನ್ನೇ ಹೊನ್ನಾಳಿಯಿಂದ ಗ್ರಂಥಾಲಯದವರೆಗೆ ಹನ್ನೊಂದು ಸಲ ಕೇಳಿದ್ದೇನೆ. ಹಳೆಯ ಹಾಡುಗಳನ್ನು ಹೊಸದಾಗಿ ತರುವಾಗ ಬೇಡದ ಸದ್ದೆಲ್ಲ ತೊಳೆದು ತೆಗೆಯುತ್ತಾರಂತೆ, ಅಕ್ಷಿತಾ ಹೇಳಿದಳು. ದಮ್ಮಯ್ಯ, ಅದನ್ನು ತೆಗೆಸಬೇಡ ಕಣೋ.

"ಸ್ಟೀಲ್ ಲೋಟ"ವನ್ನು ಬೇರೆ ದಿನ ಕೇಳಿದೆ. ಅಪ್ಪನಿಗೆ ಗೂಟಕ್ಕೆ ನೇತುಹಾಕಿದ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದ ಹೋಟೆಲಿನ ಹಾಡು ಬಂದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಎಷ್ಟು ರಂಪ ಆಯಿತು ಆಗ! ಪೊಲೀಸ್ ಕಂಪ್ಲೇಂಟು, ಪೇಪರಿನಲ್ಲಿ ನಿನ್ನ ಫೋಟೋ, ಜಾತಿ ಜಾತಿಗೆ ಬೆಂಕಿ ಹಚ್ಚುತ್ತಾನೆ ಎಂದು ಟಿವಿಯವರ ಕೂಗು. ಎಷ್ಟು ಬೈದರೋ ಅಷ್ಟು ಖರ್ಚಾಯಿತು ಆಲ್ಬಂ. ನೀನು ಮೈಲಾರಿ ಹೋಗಿ "ಜಾಲಿಮುಳ್ಳು" ಆದೆ. ಆ ಹಾಡಿನ ಬಗ್ಗೆ ನನಗೆ ಅಂದೂ ಹೆಮ್ಮೆ, ಇಂದೂ ಹೆಮ್ಮೆ. ಆ ಹೋಟೆಲಿನಲ್ಲಿ ಈಗ ಎಲ್ಲರಿಗೂ ಪೇಪರ್ ಕಪ್ಪು.

ಆಮೇಲೆ ಕೊನೆಯ ಹಾಡು. ಹಾಡೆಂದು ನೀನು ಕರೆಯುತ್ತೀಯ. ಅಪ್ಪನ ಹೆಣದ ಮುಂದೆ ಕೂತು ಅವ್ವ ಅತ್ತದ್ದು ಅದು. "ಬಡಿದ ಕೈ ತಣ್ಣಗಾತಲ್ಲೋ ನನ್ನ ದೊರೆಯೇ, ಇನ್ಯಾರು ನನ್ನ ಬಡೀತಾರೋ..." ದನದ ಆಸ್ಪತ್ರೆಯ ಅಟೆಂಡರ್ ಚಿಕ್ಕಹನುಮಂತಪ್ಪ ಮೂಕಪ್ರಾಣಿಗೆ ಸೂಜಿ ಚುಚ್ಚುವಾಗಲೂ ಅಯ್ಯೋ ಅನ್ನುವ ಮನುಷ್ಯ ಎಂದು ಊರೇ ಹೇಳುತ್ತಿತ್ತು. ಮನೆಯೊಳಗಿನದು ನಮ್ಮಿಬ್ಬರಿಗೆ ಗೊತ್ತು. ಮೂವತ್ತು ವರ್ಷ ಬಾಯಿ ಬಿಡದ ಅವ್ವ ಅವತ್ತು ಒಂದೊಂದನ್ನೂ ಅಪ್ಪನ ಮುಖ ನೋಡಿಕೊಂಡು, ಬೈದು, ಮುದ್ದಿಸಿ, ಹಾಡಿಕೊಂಡು ಹೇಳಿದಳು. ನೀನು ಕಿಟಕಿಯಲ್ಲಿ ಫೋನಿಟ್ಟದ್ದನ್ನು ನಾನು ನೋಡಿದ್ದೆ. ನೆನಪಿಗೆ ಇಟ್ಟುಕೊಳ್ಳುತ್ತಾನೆ ಪಾಪ ಅಂದುಕೊಂಡೆ. ವರ್ಷದ ಮೇಲೆ ಅದಕ್ಕೆ ಬೀಟು ಸೇರಿ ಊರ ತುಂಬ ಬಂತು.

ಅವ್ವನ ಕಡೆಯವರಲ್ಲಿ ಒಂದು ರಿವಾಜು ಇದೆಯಲ್ಲ. ಹೆಣದ ಮುಂದೆ ಯಾರು ಏನು ಹೇಳಿಕೊಂಡು ಅತ್ತರೂ, ಮಣ್ಣು ಮಾಡಿ ಬಂದು ತಲೆ ಮೇಲೆ ನೀರು ಹಾಕಿಕೊಂಡ ಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಿ ಆಡಿದವರನ್ನು ಮತ್ತೆ ಸಾವಿನ ಮನೆಗೆ ಸೇರಿಸುವುದಿಲ್ಲ. ಅದಕ್ಕೇ ಹೆಂಗಸರು ಧೈರ್ಯವಾಗಿ ಅಳುತ್ತಾರೆ. ನೀನು ಆ ನೀರು ಹಾಕಿಕೊಳ್ಳುವುದನ್ನೇ ಮರೆತೆ. ಅವ್ವನ ಅಳು ಮದುವೆ ಮೆರವಣಿಗೆಯಲ್ಲಿ ಕುಣಿಯುವ ಹಾಡಾಯಿತು. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ, "ಬಡಿಯೋರು ಬೇಕೇನಜ್ಜಿ?" ಅಂದ. ಅವ್ವ ಅವತ್ತು ಮನೆಗೆ ಬಂದು ನನಗೇನೂ ಹೇಳಲಿಲ್ಲ. ಜೊತೆಗಿದ್ದ ಪಕ್ಕದ ಮನೆಯ ಅಂತರಘಟ್ಟಮ್ಮ ಹೇಳಿದರು.

ಇಷ್ಟು ಬರೆದು ನಿನ್ನ ಮೇಲೆ ಬರೀ ಸಿಟ್ಟಿದೆ ಎಂದುಕೊಳ್ಳಬೇಡ. ಹೋದ ವಾರ ಚನ್ನಗಿರಿಯಲ್ಲಿ ನಮಗೆಲ್ಲ ಎರಡು ದಿನದ ತರಬೇತಿ ಇತ್ತು. ಜಗಳೂರು ಕಡೆಯ ಗ್ರಂಥಾಲಯದ ತಿಪ್ಪಮ್ಮ ಎಂಬಾಕೆ ನನ್ನ ಪಕ್ಕ ಕೂತಿದ್ದಳು. ಊಟವಾದ ಮೇಲೆ, ಮುಂದೆ ಯಾರೋ ಮಾತಾಡುತ್ತಲೇ ಇದ್ದರು, ಅರ್ಧ ಸಭೆ ತೂಕಡಿಸುತ್ತಿತ್ತು. ಆಕೆ ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟಳು. ನಾನು ಯಾರೆಂದು ಆಕೆಗೆ ಗೊತ್ತಿಲ್ಲ. ಕಿವಿಯೊಳಗೆ ನಮ್ಮವ್ವ!

"ಈ ಅಜ್ಜಿ ಅಳೋದು ಕೇಳ್ರಿ ಮೇಡಂ," ಅಂದಳು. "ಇದನ್ನ ಕೇಳಿದ ಮಾರನೇ ದಿನ ನಾನು ಗಂಡನ ಮನೆ ಬಿಟ್ಟು ಬಂದೆ. ಅವ್ನು ಸಾಯೋಗಂಟ ಕಾದು, ಆಮೇಲೆ ಹಿಂಗೆ ಹೇಳಾಕೆ ನನ್ ಕೈಲಿ ಆಗಲ್ಲ ಅನ್ನಿಸ್ತು."

ಈಕೆ ನಮ್ಮವ್ವ ಎಂದು ಹೇಳಲು ಬಾಯಿ ತೆರೆದೆ, ಯಾಕೋ ಆಗಲಿಲ್ಲ. ಇಬ್ಬರೂ ಒಂದೊಂದು ಕಿವಿಯಲ್ಲಿ ಅವ್ವನನ್ನು ಇಟ್ಟುಕೊಂಡು, ಮುಂದೆ ನಿಂತವರು ಹೇಳುವುದಕ್ಕೆಲ್ಲ ತಲೆಯಾಡಿಸುತ್ತ ಕೂತೆವು. ಆ ಮಧ್ಯಾಹ್ನ ಎಷ್ಟು ಹೊತ್ತು ಹಾಗೆ ಕಳೆಯಿತೋ ತಿಳಿಯದು.

ಊರಿಗೆ ಬಂದ ಮೇಲೆ ಕಾಗದ ತೆಗೆದು ಅವ್ವನ ಮುಂದಿಟ್ಟೆ. ಅಂಗಳದಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲ ಓದಿ ಹೇಳಿದೆ. ತಿಪ್ಪಮ್ಮನ ವಿಷಯವನ್ನೂ ಹೇಳಿದೆ. ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದಳು.

"ಆ ಹೆಣ್ಮಗ್ಳು ಈಗ ಚೆನ್ನಾಗಿದಾಳಾ?" ಅಂದಳು.

"ಇದಾಳವ್ವ. ಕೆಲ್ಸ ಐತೆ, ಮಗಳ್ನ ಓದಿಸ್ತಿದಾಳೆ."

"ಹಂಗಾದ್ರೆ ಸರಿ ಬಿಡು. ಅದೊಂದು ಒಳ್ಳೇದಾತು."

ಪೆನ್ನು ಕೈಗೆ ಕೊಟ್ಟೆ. ಹೊನ್ನೂರಮ್ಮ ಎಂದು ಬರೆಯಲು ಈಗ ಆಕೆಗೆ ಬರುತ್ತದೆ, ಮೊಮ್ಮಗಳು ಕಲಿಸಿದ್ದಾಳೆ. ಪೆನ್ನನ್ನು ಅವರೆಸಿಪ್ಪೆಯ ಪಕ್ಕದಲ್ಲಿಟ್ಟು ಹೇಳಿದಳು: "ಹಾಕ್ಕಂಡ್ರೆ ಹಾಕ್ಕಳ್ಲಿ, ನಾನೇನು ಬ್ಯಾಡ ಅನ್ನಲ್ಲ. ಸೈನು ಮಾತ್ರ ಕೇಳ್ಬ್ಯಾಡ. ಆ ದನಿ ನಂತಾವ ಇದ್ದಿದ್ರೆ ಕೊಡ್ತಿದ್ದೆ. ಇಲ್ಲದ್ದನ್ನ ಕೊಟ್ಟೀನಿ ಅಂತ ಹೆಂಗೆ ಬರೀಲಿ?"

ನಿಜ ಕಣೋ. "ಸ್ಟೀಲ್ ಲೋಟ" ಬಂದಂದಿನಿಂದ ಅವ್ವ ಯಾವ ಸಾವಿನ ಮನೆಯಲ್ಲೂ ಹಾಡಿಕೊಂಡು ಅತ್ತಿಲ್ಲ. ಮೊದಲು ಜಗಳೂರು ಸೀಮೆಯಿಂದ ಆಳು ಕಳಿಸಿ ಕರೆಸುತ್ತಿದ್ದರು. ಈಗ ಹೋಗುತ್ತಾಳೆ, ಮೂಲೆಯಲ್ಲಿ ಕೂರುತ್ತಾಳೆ, ನೀರು ಹಾಕಿಕೊಂಡು ಬರುತ್ತಾಳೆ. ನಿನ್ನ ಮೇಲೆ ಆಕೆಗೆ ಸಿಟ್ಟಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಟಿವಿಯಲ್ಲಿ ನೀನು ಬಂದರೆ ಸೆರಗಿನಿಂದ ಟಿವಿ ಒರೆಸುತ್ತಾಳೆ. ನಿನ್ನ ಬಾಯಿಂದ ಬೈಗುಳ ಬಂದಾಗ ಮಾತ್ರ ಬುದ್ಧನ ಫೋಟೋ ಕಡೆ ನೋಡಿ, "ಅವ್ನು ಮನ್ಸಿಂದ ಹೇಳಲ್ಲಪ್ಪ" ಅನ್ನುತ್ತಾಳೆ.

ಸಹಿ ಇಲ್ಲದೆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಹಾಡನ್ನು ಉಳಿಸುತ್ತೀಯೋ ತೆಗೆಯುತ್ತೀಯೋ ನಿನಗೆ ಬಿಟ್ಟದ್ದು. ತಿಪ್ಪಮ್ಮನನ್ನು ನೆನೆದರೆ ಉಳಿಯಲಿ ಅನ್ನಿಸುತ್ತದೆ, ಅವ್ವನನ್ನು ನೋಡಿದರೆ ಬೇಡ ಅನ್ನಿಸುತ್ತದೆ. ನನ್ನ ಬುದ್ಧಿಗೆ ಇಷ್ಟೇ ಎಟುಕುವುದು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ನೂರು ವರ್ಷ ಬಾಳು, ನಿನ್ನ ನಾಲಿಗೆ ಚೂಪಾಗಿರಲಿ, ಅದು ನಮ್ಮವರನ್ನು ಮಾತ್ರ ಕುಯ್ಯದಿರಲಿ.

ನಿನ್ನ ಅಕ್ಕ,
ಅಂಬಿಕಾ

ಮತ್ತೆ: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇದನ್ನು ಹೇಳದಿದ್ದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ.

ನಮ್ಮ ಮನೆಯವರನ್ನು ಎತ್ತುವ ದಿನ ನೀನು ಬಂದಿದ್ದೆ. ಅವ್ವ ಅಳಿಯನ ತಲೆಯ ಹತ್ತಿರ ಕೂತಳು. ಏಳು ವರ್ಷದ ಮೇಲೆ ಮೊದಲ ಸಲ ಎದೆಯ ಮೇಲೆ ಕೈಯಿಟ್ಟು ಉಸಿರು ಎಳೆದುಕೊಂಡಳು. "ನನ್ನಪ್ಪಾ ಪರಮೇಶಾ..." ಅಂದಳು, ಅಷ್ಟೇ. ಆ ಹಾಡಿನ ಅಜ್ಜಿ ಎಂದು ಗೊತ್ತಿದ್ದವರೆಲ್ಲ ಫೋನು ಎತ್ತಿದರು. ಅವ್ವ ಸುತ್ತ ಒಂದು ಸಲ ನೋಡಿ, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎತ್ತಿದ ಫೋನುಗಳಲ್ಲಿ ಒಂದು ನಿನ್ನದು, ಮೈಲಾರಿ. ನಿನಗೆ ತಿಳಿಯದೆಯೇ ಕೈ ಎದ್ದಿತ್ತೋ ಏನೋ. ಅವ್ವ ಅದನ್ನು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ.

ನಮ್ಮಲ್ಲಿ ಗಂಡ ಸತ್ತವಳು ತಾನಾಗಿ ಅಳು ಎತ್ತುವ ಹಾಗಿಲ್ಲ. ಹಿರಿಯಳೊಬ್ಬಳು ಎತ್ತಿಕೊಡಬೇಕು, ಅವಳ ಸೊಲ್ಲು ಮುಗಿದಲ್ಲಿಂದ ಇವಳು ಹಿಡಿಯಬೇಕು. ನಾನು ಅವ್ವನ ಬಾಯಿಯನ್ನೇ ನೋಡುತ್ತ ಕೂತಿದ್ದೆ. ಅಷ್ಟರಲ್ಲಿ ಅವರನ್ನು ಎತ್ತಿಬಿಟ್ಟರು.

ನಾನಿನ್ನೂ ಅತ್ತಿಲ್ಲ ಕಣೋ.