ಎಂಟನ್ನು ಅಳಿಸಿ ಐದು ಬರೆದದ್ದು

ನೆಲದ ಮೇಲಿರುವಾಗಲೂ ಭಗವಂತನ ಕಾವಲು ಒಂದು ಗಳಿಗೆಯೂ ತಪ್ಪದಿರಲೆಂದು ನಾನು ನಿತ್ಯ ಯಾರಿಗಾಗಿ ಬೇಡುವೆನೋ ಆ ನನ್ನ ಒಡಹುಟ್ಟಿದ ತಮ್ಮನಿಗೆ, ಅಣ್ಣನ ಅರಿಕೆ.

ನೀನು ನನ್ನೊಡನೆ ಮಾತು ಬಿಟ್ಟು ಏಳು ತಿಂಗಳಾದವು. ಕಳೆದ ತಿಂಗಳು ನಮ್ಮ ಸಂಸ್ಥೆಯ ನಾಲ್ಕು ಎಂಜಿನ್ನಿನ ವಿಮಾನಗಳಲ್ಲಿ ಕೊನೆಯದು ಸೇವೆಯಿಂದ ಇಳಿಯಿತು. ನಿವೃತ್ತಿಗೆ ಇನ್ನೂ ಮೂರು ವರ್ಷವಿದ್ದ ನೀನೂ ಅದರೊಡನೆಯೇ ಇಳಿದೆ. ಹೊಸ ವಿಮಾನದ ಆಯ್ಕೆ ಪ್ರಕಟವಾದ ದಿನ ಫೋನಿನಲ್ಲಿ ನೀನು ಆಡಿದ ಮಾತು ಒಂದೇ: "ಕುರ್ಚಿ ಎಳೆಯೋರನ್ನ ನೋಡಿದೀನಿ ಅಣ್ಣಾ. ನೀನು ಆಕಾಶಾನೇ ಎಳೆದ್ಬಿಟ್ಯಲ್ಲ!" ಅದಕ್ಕೆ ನಾನು, "ಅಂಕಗಳು ಹೇಳಿದ್ದನ್ನು ಸಮಿತಿ ಒಪ್ಪಿತು, ಅಷ್ಟೇ" ಎಂದು ಉತ್ತರಿಸಿದೆ. ಆ ಉತ್ತರ ಪೂರ್ಣಸತ್ಯವಲ್ಲ. ಆದುದರಿಂದ ಈ ಪತ್ರ.

ಹಳೆಯ ವಿಮಾನಗಳು ಹೋಗಲೇಬೇಕಿತ್ತೆಂಬುದರಲ್ಲಿ ನಮ್ಮಿಬ್ಬರಿಗೆ ಭೇದವಿಲ್ಲ. ಅವು ಕುಡಿಯುತ್ತಿದ್ದ ಇಂಧನದ ಮುಕ್ಕಾಲು ಭಾಗದಲ್ಲಿ ಈಗಿನ ಎರಡು ಎಂಜಿನ್ನಿನ ವಿಮಾನವು ಅಷ್ಟೇ ಜನರನ್ನು ಅಷ್ಟೇ ದೂರ ಒಯ್ಯಬಲ್ಲುದು. ಬಿಡಿಭಾಗಗಳ ತಯಾರಿಕೆಯಂತೂ ಬಹುಮಟ್ಟಿಗೆ ನಿಂತೇ ಹೋಗಿತ್ತು. ಒಂದು ಶೌಚಾಲಯದ ಬಾಗಿಲಿನ ಚಿಲಕಕ್ಕಾಗಿ ಹನ್ನೊಂದು ವಾರ ಕಾದು, ಕಡೆಗೆ ಹ್ಯಾಂಗರಿನ ಹಿಂದೆ ನಿಲ್ಲಿಸಿದ್ದ ಅದೇ ಜಾತಿಯ ಇನ್ನೊಂದು ವಿಮಾನದಿಂದ ಕಿತ್ತು ತಂದ ದಿನ ನೀನೇ ನಕ್ಕು ಹೇಳಿದ್ದೆ: "ಇದು ರಿಪೇರಿ ಅಲ್ಲ ಅಣ್ಣಾ, ಅಂಗದಾನ."

ಆಯ್ಕೆ ಸಮಿತಿಯಲ್ಲಿ ಐವರಿದ್ದೆವು. ನಿರ್ವಹಣಾ ವಿಭಾಗದ ಮುಖ್ಯಸ್ಥನಾಗಿ ನಿವೃತ್ತನಾಗಿದ್ದ ನನ್ನನ್ನು ಅನುಭವದ ನೆಪದಲ್ಲಿ ಮರಳಿ ಕರೆದಿದ್ದರು. ತಮ್ಮನು ನಿಮ್ಮಲ್ಲೇ ಕ್ಯಾಪ್ಟನ್ ಆಗಿದ್ದಾನೆಂದು ಮೊದಲ ದಿನವೇ ಅಧ್ಯಕ್ಷರಿಗೆ ತಿಳಿಸಿದೆ. ಅವರು, "ಯಜಮಾನ್ರೇ, ಈ ಕಟ್ಟಡದಲ್ಲಿ ಅಣ್ಣ ತಮ್ಮ ಇಲ್ಲದೋರು ಯಾರಿದಾರೆ ಹೇಳಿ? ಕೂತ್ಕೊಳ್ಳಿ" ಎಂದರು. ಕುಳಿತೆ.

ನಮ್ಮ ಮುಂದೆ ಎರಡು ವಿಮಾನಗಳಿದ್ದವು. ಗುಟ್ಟು ಹೊರಬೀಳದಂತೆ ಅವಕ್ಕೆ ಅಡ್ಡಹೆಸರಿಟ್ಟಿದ್ದೆವು. ನಮ್ಮ ಹಳೆಯ ವಿಮಾನಗಳ ತಯಾರಕರದೇ ಆದದ್ದು 'ನಂಟ'. ಬೇರೆ ತಯಾರಕರದು 'ಹೊಸಬ'. ಮಾರಾಟಗಾರರು ತಂದ ನಕ್ಷೆಗಳಲ್ಲಿ ನಮ್ಮ ಊರಿನ ಸುತ್ತ ದೊಡ್ಡ ವೃತ್ತಗಳಿದ್ದವು, ಇಷ್ಟು ದೂರ ನಿಲ್ಲದೆ ಹಾರಬಹುದೆಂದು. ಆ ವೃತ್ತಗಳು ಗಾಳಿಯೇ ಇಲ್ಲದ ಲೋಕದವು. ಚಳಿಗಾಲದಲ್ಲಿ ಪಡುವಣಕ್ಕೆ ಹೋಗುವಾಗ ಎದುರುಗಾಳಿಯು ದಾರಿಯನ್ನು ಎಷ್ಟು ಉದ್ದ ಮಾಡುತ್ತದೆಂಬುದನ್ನು ನಿನಗೆ ಹೇಳಬೇಕಿಲ್ಲ. ನಾವೇ ಹತ್ತು ವರ್ಷಗಳ ಗಾಳಿಯ ದಾಖಲೆಗಳನ್ನು ತರಿಸಿ ಲೆಕ್ಕ ಹಾಕಿದೆವು. ಅತಿ ದೂರದ ಮಾರ್ಗದಲ್ಲಿ ನಂಟನು ಚಳಿಗಾಲದ ಕೆಲವು ದಿನ ಹದಿನೆಂಟು ಆಸನಗಳನ್ನು ಖಾಲಿ ಬಿಡಬೇಕಾಗಿತ್ತು. ಹೊಸಬನಿಗೆ ಆ ತೊಡಕಿರಲಿಲ್ಲ. ಆದರೆ ನಂಟನು ಒಂದು ವರ್ಷ ಮೊದಲೇ ಕೈಗೆ ಬರುತ್ತಿದ್ದನು, ಮತ್ತು ಅವನ ಕಾಕ್‌ಪಿಟ್ಟು ನೀನು ಕಣ್ಣು ಮುಚ್ಚಿ ಗುರುತಿಸಬಲ್ಲ ಕಾಕ್‌ಪಿಟ್ಟು. ನಮ್ಮ ಪೈಲಟ್ಟುಗಳಿಗೆ ಅದಕ್ಕೆ ಹತ್ತು ದಿನದ ತರಬೇತಿ ಸಾಕು. ಹೊಸಬನಿಗೆ ಎರಡೂವರೆ ತಿಂಗಳು. ನಾಲ್ಕು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರನ್ನು ದೀರ್ಘ ತರಬೇತಿಗೆ ಕಳುಹಿಸಕೂಡದೆಂಬ ನಿಯಮ ನಿನಗೆ ಗೊತ್ತು. ನನಗೂ ಗೊತ್ತಿತ್ತು. ನಂಟ ಬಂದರೆ ನೀನು ಹಾರುವೆ, ಹೊಸಬ ಬಂದರೆ ಇಳಿಯುವೆ: ಇಷ್ಟು ನಿಚ್ಚಳ.

ಈಗ ನಿನಗೆ ತಿಳಿಯದ ಭಾಗ. ಆಯ್ಕೆಯಲ್ಲಿ ಪಕ್ಷಪಾತ ನುಸುಳದಿರಲೆಂದು, ಬೆಲೆಪತ್ರಗಳನ್ನು ತೆರೆಯುವ ಮೊದಲೇ, ಯಾವ ವಿಷಯಕ್ಕೆ ನೂರರಲ್ಲಿ ಎಷ್ಟು ಅಂಕವೆಂದು ಬರೆದು ಲಕೋಟೆಯಲ್ಲಿಟ್ಟು ಮುದ್ರೆ ಹಾಕುವುದು ಕ್ರಮ. ಇಂಧನಕ್ಕಿಷ್ಟು, ದೂರಕ್ಕಿಷ್ಟು, ಸರಕಿನ ಜಾಗಕ್ಕಿಷ್ಟು, ಹೀಗೆ. ತರಬೇತಿಯ ಅಂಕವನ್ನು ನಿರ್ಧರಿಸುವ ಹೊಣೆ ನನ್ನದು. ಅದು ಹೆಚ್ಚಿದಷ್ಟೂ ಹತ್ತೇ ದಿನದ ತರಬೇತಿ ಸಾಕಾಗುವ ನಂಟನಿಗೆ ಲಾಭ. ಇನ್ನೂರ ಹನ್ನೆರಡು ಪೈಲಟ್ಟುಗಳು, ಎರಡೇ ಸಿಮ್ಯುಲೇಟರುಗಳು, ತರಬೇತಿಯ ಕಾಲದಲ್ಲಿ ರದ್ದಾಗುವ ಸಂಚಾರಗಳು, ಇವನ್ನೆಲ್ಲ ನಾಲ್ಕು ದಿನ ಕುಳಿತು ತೂಗಿದೆ. ಬಂದದ್ದು ಎಂಟು. ಅದರಲ್ಲಿ ನಿನ್ನ ಮುಖವಿರಲಿಲ್ಲವೆಂದು ದೇವರ ಸಾಕ್ಷಿಯಾಗಿ ಹೇಳಬಲ್ಲೆ.

ಚಹಾದ ವೇಳೆಯಲ್ಲಿ ಹಣಕಾಸು ಅಧಿಕಾರಿಯು ನನ್ನ ಹಾಳೆಯನ್ನು ಓರೆಗಣ್ಣಿನಿಂದ ನೋಡಿ, "ಏನ್ ಸಾರ್, ತರಬೇತಿಗೆ ಎಂಟು ಕೊಟ್ಬಿಟ್ಟಿದೀರಿ? ಇದು ಎಂಟೋ, ನಂಟೋ?" ಎಂದನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಧ್ಯಕ್ಷರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, "ಬಿಡ್ರೀ, ಅವರನ್ನ ಗೋಳು ಹೊಯ್ಕೋಬೇಡಿ" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು, ಆಡಿದವನೂ ಮರೆತನು.

ನಾನು ಮರೆಯಲಿಲ್ಲ. ಎಲ್ಲರೂ ಕೈತೊಳೆಯಲು ಹೋದಾಗ ಎಂಟನ್ನು ರಬ್ಬರಿನಿಂದ ಅಳಿಸಿ ಐದೆಂದು ಬರೆದೆ. ಉಳಿದ ಮೂರನ್ನು ಇಂಧನಕ್ಕೆ ಸೇರಿಸಿದೆ. ಎಂಟಕ್ಕೆ ನಾಲ್ಕು ದಿನದ ಆಧಾರವಿತ್ತು. ಐದಕ್ಕೆ ಒಂದು ನಗುವಿನ ಹೊರತು ಬೇರೆ ಆಧಾರವಿರಲಿಲ್ಲ. ಅಂದು ಸಂಜೆ ಪ್ರಾರ್ಥನೆಗೆ ಕುಳಿತು, ರಕ್ತಸಂಬಂಧದ ಮೋಹದಿಂದ ನನ್ನನ್ನು ಪಾರುಮಾಡಿದೆಯೆಂದು ಭಗವಂತನಿಗೆ ವಂದಿಸಿದೆ. ಇಷ್ಟು ವರ್ಷ ನಾನು ಸಲ್ಲಿಸಿದ ವಂದನೆಗಳಲ್ಲಿ ಅಷ್ಟು ಸುಳ್ಳಾದದ್ದು ಇನ್ನೊಂದಿಲ್ಲ. ಅದು ಮೋಹವನ್ನು ಗೆದ್ದದ್ದಲ್ಲ. ನಿಷ್ಪಕ್ಷಪಾತಿಯೆಂಬ ಹೆಸರಿನ ಮೋಹಕ್ಕೆ ನಿನ್ನನ್ನು ಒತ್ತೆಯಿಟ್ಟದ್ದು.

ಹೊಸಬನು ಒಂದೇ ಒಂದು ಅಂಕದಿಂದ ಗೆದ್ದನು. ಎಂಟು ಎಂಟಾಗಿಯೇ ಉಳಿದಿದ್ದರೆ ನಂಟನು ಮುಕ್ಕಾಲು ಅಂಕದಿಂದ ಗೆಲ್ಲುತ್ತಿದ್ದನು. ಫಲಿತಾಂಶ ಓದಿದ ದಿನವೇ ಈ ಲೆಕ್ಕವನ್ನು ಹಾಕಿ ನೋಡಿದ್ದೆ. ನೀನು ಫೋನು ಮಾಡಿದಾಗ ಆ ಲೆಕ್ಕದ ಚೀಟಿ ನನ್ನ ಕೈಯಲ್ಲೇ ಇತ್ತು.

ಹೊಸಬನು ಕೆಟ್ಟ ವಿಮಾನವೆಂದು ನಾನು ಹೇಳುತ್ತಿಲ್ಲ. ಎದುರುಗಾಳಿಯ ದಿನಗಳಲ್ಲಿ ಜನರು ಅದನ್ನು ಹೊಗಳುವರು, ಅದು ನ್ಯಾಯವೇ. ಆದರೆ ಸರಿಯಾದ ಫಲವು ತಪ್ಪಾದ ದಾರಿಯಿಂದ ಬಂದರೂ ದಾರಿ ತಪ್ಪೇ. ಕಳೆದ ವಾರ ಅಧ್ಯಕ್ಷರ ಕೊಠಡಿಗೆ ಹೋಗಿ ಇದನ್ನೆಲ್ಲ ಬರಹದಲ್ಲಿ ಕೊಟ್ಟೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು. "ಯಜಮಾನ್ರೇ, ಒಪ್ಪಂದಕ್ಕೆ ಸಹಿ ಬಿದ್ದು ಅರ್ಧ ವರ್ಷ ಆಯ್ತು. ಈಗ ಇದನ್ನ ಏನ್ ಮಾಡ್ಲಿ ನಾನು?" ಎಂದರು. ಕಡತದಲ್ಲಿ ಸೇರಿಸಿ ಎಂದೆ. ಮುಂದಿನ ಹತ್ತು ವಿಮಾನಗಳ ಆಯ್ಕೆಗೆ ಕೂರಲಾರೆನೆಂದೂ ತಿಳಿಸಿದೆ. ನಿನಗಾಗಿ ಆ ನಾಲ್ಕು ವರ್ಷದ ನಿಯಮವನ್ನು ಸಡಿಲಿಸಬಹುದೇ ಎಂದು ಕೇಳಲು ಬಾಯಿ ತೆರೆದೆ. ಅದು ಮತ್ತೆ ನಂಟಿನ ಮಾತಾದೀತೆಂದು ಕ್ಷಣಕಾಲ ಅಳುಕಿದೆ. ಈ ಸಲ ಕೇಳಿಯೇ ಬಿಟ್ಟೆ. ಅವರು ಆಗುವುದಿಲ್ಲವೆಂದರು. ಹಾರಿಸುವ ಕೆಲಸ ನಿನಗೆ ಮರಳಿ ದೊರೆಯದು. ಇದನ್ನು ಮುಚ್ಚಿಟ್ಟು ನಿನಗೆ ಸುಳ್ಳು ಆಸೆ ಹುಟ್ಟಿಸಲಾರೆ.

ಇಲ್ಲಿಯವರೆಗೆ ಬರೆದು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತ ಕೊನೆಯವರೆಗೂ ಕೇಳಿದಳು. ಆಮೇಲೆ, "ಗಾಳಿ ಬಂತು, ಇಂಧನ ಬಂತು, ಚಿಲಕಾನೂ ಬಂತು. ತಪ್ಪಾಯ್ತು ಅನ್ನೋ ಒಂದು ಮಾತು ಎಲ್ಲಿದೆ ಇದರಲ್ಲಿ?" ಎಂದಳು. ಎಲ್ಲೋ ಇದೆಯೆಂದು ನಾನು ವಾದಿಸಿದೆ. "ತೋರಿಸಿ" ಎಂದಳು. ಮೊದಲಿನಿಂದ ಹುಡುಕಿದೆ. ಇಲ್ಲ.

ತಮ್ಮಾ, ತಪ್ಪಾಯಿತು.

ಇದಕ್ಕೆ ನೀನು ಉತ್ತರಿಸಿದರೂ ಸರಿ, ಉತ್ತರಿಸದಿದ್ದರೂ ಸರಿ. ನಿನ್ನ ಮನೆಯಲ್ಲಿ ನೆಮ್ಮದಿಯೂ ನಿನ್ನ ಮೈಯಲ್ಲಿ ಬಲವೂ ತುಂಬಿರಲೆಂದು ಹರಸಿ ಲೇಖನಿಯನ್ನು ಕೆಳಗಿಡುತ್ತೇನೆ.

ನಿನ್ನ ಅಣ್ಣ