ಕುಚ್ಚಿಲ್ಲದ ಜಮಖಾನ

ಆಳಂದ
೧೮ ಜುಲೈ ೨೦೨೫, ಶುಕ್ರವಾರ

ಮೊಮ್ಮಗಳು ಶೈಲಶ್ರೀಗೆ ನಿನ್ನ ಆಯಿಯ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ. ನೀನೂ ನಿನ್ನ ಗಂಡ ಅನೀಲಕುಮಾರನೂ ಹಾಗೇ ಇರಿ.

ನೀನು ಜಮಖಾನದ ಮಾತು ಕೇಳಿ ಎಷ್ಟೋ ದಿನವಾಯಿತು, ಉತ್ತರ ಈಗ ಬರುತ್ತಿದೆ. ಸಿಟ್ಟಾಗಬೇಡ. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳ ಕೈ ಇದು. ಒಂದು ಸಾಲು ಮುಗಿಸುವಷ್ಟರಲ್ಲಿ ಒಲೆಯ ಮೇಲೆ ಬೇಳೆ ಉಕ್ಕಿರುತ್ತದೆ. ಫೋನಿನಲ್ಲಿ ಹೇಳಬಾರದೇ ಎನ್ನುತ್ತೀ. ನಾನು ಫೋನು ಹಿಡಿದರೆ ನಿನ್ನ ಅಪ್ಪ ಪೇಪರು ಕೆಳಗಿಟ್ಟು ಕಿವಿ ಕೊಡುತ್ತಾನೆ, ನಿನಗೆ ಗೊತ್ತಿಲ್ಲದ್ದೇನು? ಈ ಪತ್ರ, ಜಮಖಾನ ಎರಡನ್ನೂ ನೆರೆಮನೆಯ ಗೌಸಿಯಾಬೇಗಂಳ ಮಗ ಖಮರ ತನ್ನ ಗಾಡಿಯಲ್ಲಿ ಕಲಬುರಗಿಗೆ ತರುತ್ತಾನೆ. ಚಹಾ ಕುಡಿಸದೆ ಕಳಿಸಬೇಡ.

ಮೊದಲು ನೀನು ಕೊಳ್ಳಲೇ ಎಂದು ಕಳಿಸಿದ ಚಿತ್ರದ ಮಾತು. ಆ ಬಿಳಿ ತುಪ್ಪಟದ ಹಾಸು! ನಡುಮನೆಯಲ್ಲಿ ಕುರಿ ಸತ್ತು ಬಿದ್ದ ಹಾಗಿದೆ. ನಿಮ್ಮದು ಹತ್ತಡಿಯ ಕೋಣೆ. ಉಣ್ಣುವುದೂ ಅಲ್ಲೇ, ಅರಿವೆ ಮಡಚುವುದೂ ಅಲ್ಲೇ. ಕುರ್ಚಿ ಇಟ್ಟರೆ ಇಕ್ಕಟ್ಟಾಗುತ್ತದೆ ಎಂದು ಇಬ್ಬರೂ ನೆಲದ ಮೇಲೇ ಸಂಸಾರ ಹೂಡಿದ್ದೀರಿ. ಅಂಥಲ್ಲಿ ಒಂದು ಹನಿ ಸಾರು ಬಿದ್ದರೆ ಆ ಕುರಿ ಚಿಂದಿಯಾಗುವ ತನಕ ಹಳದಿ. ಒಗೆಯೋಣವೆಂದರೆ ಬಕೆಟ್ಟಿನಲ್ಲಿ ಹಿಡಿಸುವುದಿಲ್ಲ. ಬಾಲ್ಕನಿ ಇಲ್ಲದವಳು ಎಲ್ಲಿ ಒಣಹಾಕುತ್ತೀ, ಲಿಫ್ಟಿನ ಬಾಗಿಲಿಗೇ?

ನೀನು ಯಾಕೆ ಹೀಗೆ ಹಾಸು ಹುಡುಕುತ್ತಿದ್ದೀ ಎಂದು ನನಗೆ ಗೊತ್ತಿಲ್ಲವೇ? ಭೂಸನೂರಿನವರಿಗೆ ಕೊಟ್ಟ ಮಾತು ಮುರಿದು ಜೇವರ್ಗಿಯ ಹುಡುಗನ ಕೈಹಿಡಿದೆ ಎಂದು ಎರಡು ವರ್ಷ ನಿನ್ನ ಹೊಸ್ತಿಲು ತುಳಿಯದ ಅಪ್ಪ, ಹೋದ ತಿಂಗಳು ಹೇಳದೆ ಕೇಳದೆ ಬಂದ. ತೊಗರಿಬೇಳೆಯ ಚೀಲ ಬಾಗಿಲಲ್ಲಿಟ್ಟ, ಗೋಡೆಗೆ ಕೈಕೊಟ್ಟು ನಿಂತೇ ನೀರು ಕುಡಿದ, ಹೋದ. ಅಂದು ನೀನು ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲಿದೆ: "ಆಯಿ, ಅಪ್ಪ ಕುಂಡ್ರಲೇ ಇಲ್ಲ. ಹಾಸಾಕ ಮನ್ಯಾಗ ಒಂದು ಜಮಖಾನ ಇಲ್ಲ. ನೆಲದ ಬರೀ ಫರಸಿ ಮ್ಯಾಲ ಕುಂಡ್ರು ಅಂತ ಹ್ಯಾಂಗ ಅನ್ಲಿ?" ನಮ್ಮ ಕಡೆ ಬಂದವರಿಗೆ ಹಾಸದಿದ್ದರೆ ಬರಬೇಡಿ ಎಂದ ಹಾಗೆಯೇ, ಆ ಸಂಕಟ ನಿನ್ನದು. ಈಗ ಶ್ರಾವಣದ ಮೊದಲ ಸೋಮವಾರ ಊಟಕ್ಕೆ ಕರೆದಿದ್ದೀ. ಅವನು ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. ದಿನಾ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಾನೆ. ಅವನನ್ನು ನೋಡಿ ನೋಡಿ ನನಗೂ ಕೂತಲ್ಲಿ ಕೂಡಲಾಗುತ್ತಿಲ್ಲ. ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ಅಂಗಳಕ್ಕೆ ಬರುತ್ತೇನೆ.

ಅದಕ್ಕೇ ಮಂಗಳವಾರ ಗೌಸಿಯಾಳನ್ನು ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಏಜಾಜನ ಅಂಗಡಿಗೆ ಹೋದೆ. ಮೊದಲೇ ಅವನು ಹುಲಿಯ ಚಿತ್ರದ್ದೊಂದು ಹರವಿದ. "ಹುಲಿ ಮ್ಯಾಲ ಕುಂಡ್ರಾಕ ನನ್ನ ಮೊಮ್ಮಗಳೇನು ಸನ್ಯಾಸ ತಗೊಂಡಾಳೇನೋ?" ಎಂದೆ. ಆಮೇಲೆ ಕೆಂಪನೆಯದೊಂದು ತೆಗೆದ. ಅದರ ಮೂಲೆಗೆ ಎಂಜಲು ಹಚ್ಚಿ ತಿಕ್ಕಿದೆ, ಬೆರಳು ಕುಂಕುಮದಂತಾಯಿತು.

"ಅಮ್ಮಾ, ಇದು ಹಾಸೋದ್ರಿ, ನೆಕ್ಕೋದಲ್ಲ" ಅಂದ ಏಜಾಜ.

"ನೀರು ಬಿದ್ದ ದಿನಾ ಆಕಿ ಬಿಳೀ ಫರಸಿ ನೀ ಬಂದು ನೆಕ್ತಿಯೇನು?"

ಗೌಸಿಯಾ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. "ಅಕ್ಕಾ, ಆ ಹುಡುಗನ್ನ ಬಿಡ್ರಿ, ನೂಲಿನ ದರಿ ನೋಡ್ರಿ" ಎಂದು ಅವಳೇ ಕೆಳಗೆ ಮಡಚಿಟ್ಟ ಥಪ್ಪಿಯಿಂದ ನೀಲಿ ಪಟ್ಟೆಯ ಜಮಖಾನವೊಂದನ್ನು ಎಳೆದಳು. ಅಪ್ಪಟ ನೂಲು. ಬಣ್ಣ ಬಿಡಲಿಲ್ಲ. ಎರಡೂ ತುದಿಗೆ ಉದ್ದುದ್ದ ಕುಚ್ಚು ಮಾತ್ರ ಇತ್ತು. ಕತ್ತರಿಸಿ ಅಂಚು ಹೊಲಿಸಿಕೊಡು ಎಂದೆ. ಏಜಾಜ ಹಣೆ ಹಣೆ ಬಡಿದುಕೊಂಡ: "ಕುಚ್ಚಿಗೇ ರೊಕ್ಕ ಕೊಡ್ತಾರ ಮಂದಿ. ನೀವು ಅದನ್ನೇ ಕತ್ತರಸ್ತೀರಿ!" ಹಾಗಾದರೆ ಕುಚ್ಚು ನೀನಿಟ್ಟುಕೊಂಡು ಅದರ ರೊಕ್ಕ ಇಳಿಸು ಎಂದೆ. ಇಳಿಸಿದ. ನಿನ್ನ ಚಿತ್ರದ ಕುರಿಯ ಅರ್ಧ ಬೆಲೆಯೂ ಆಗಲಿಲ್ಲ.

ಈಗ ಹಾಸುವ ರೀತಿ ಕೇಳು. ಬಾಗಿಲು ಒಳಗೆ ತೆರೆಯುತ್ತದೆ, ಅದಕ್ಕೆ ಸಿಗದಷ್ಟು ಬಿಟ್ಟು ಹಾಸು. ನುಣುಪು ಫರಸಿಯ ಮೇಲೆ ಬರೀ ದರಿ ಜಾರುತ್ತದೆ. ಅದರ ಕೆಳಗೆ ಹಾಕುವ ರಬ್ಬರಿನ ಜಾಲರಿ ಕಲಬುರಗಿಯಲ್ಲೇ ಸಿಗುತ್ತದೆ, ಇವತ್ತೇ ತಾ. ನಾಲ್ಕೂ ಮೂಲೆ ನೆಲಕ್ಕೆ ಅಂಟಿರಬೇಕು, ಎಲ್ಲೂ ಮಡಿಕೆ ಏಳಬಾರದು. ಕುಚ್ಚು ಯಾಕೆ ಕತ್ತರಿಸಿದೆ ಎಂದರೆ, ಕಸಬರಿಗೆಗೆ ಸಿಗುತ್ತದೆ, ಜಿರಲೆ ಕೂಡುತ್ತದೆ. ನೀಲಿ ಯಾಕೆ ಎಂದರೆ, ಬಿಳಿ ನೆಲದಲ್ಲಿ ಅಂಚು ಎಲ್ಲಿದೆ ಎಂದು ಕಣ್ಣಿಗೆ ಕಾಣಬೇಕು. ಮುದುಕಿ ಕಾಟ ಕೊಡುತ್ತಾಳೆ ಎಂದುಕೊಂಡರೂ ಇಷ್ಟು ಮಾಡು.

ಇಲ್ಲಿಯ ಸುದ್ದಿ ಏನೆಂದರೆ, ನಿನ್ನ ಅಪ್ಪ ಅಡತಿ ಅಂಗಡಿಯಲ್ಲಿ ನೆಲದ ಗಾದಿ ತೆಗೆಸಿ ಕುರ್ಚಿ ಹಾಕಿಸಿದ್ದಾನೆ. ಅವನ ಅಪ್ಪ, ಅಜ್ಜ ಕೂತ ಗಾದಿ. "ಕಂಪ್ಯೂಟರ್ ಬಂದದವ್ವ, ಗಾದಿ ಮ್ಯಾಲ ಕುಂತ್ರ ಕೈಗೆ ಸಿಗೂದಿಲ್ಲ" ಅಂದ. ತೊಗರಿ ಮಾರಲು ಬಂದವರು "ಏನ್ರಿ ಬಸವಂತರಾಯರ, ಸಾಹೇಬ್ರಾದ್ರಿ" ಎಂದು ನಗುತ್ತಾರೆ. ಅವನೂ ನಗುತ್ತಾನೆ.

ನಿನ್ನ ಅವ್ವ ಇದ್ದಿದ್ದರೆ ಈ ಜಮಖಾನ ತಾನೇ ಹೊತ್ತು ತಂದು ಹಾಸಿಕೊಡುತ್ತಿದ್ದಳು. ಅವಳ ಪಾಲಿನದನ್ನು ನಾನು ಮಾಡಿದ್ದೇನೆ. ಬಸವಣ್ಣ ನಿಮ್ಮಿಬ್ಬರ ಮನೆಯನ್ನು ತುಂಬಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಗಂಡನಿಗೆ ಬಿಸಿರೊಟ್ಟಿ ಬಡಿಯಲು ಕಲಿಸು.

ನಿನ್ನ ಆಯಿ
ನಿಂಬೆವ್ವ

ತಾ.ಕ.: ಪಾಕೀಟು ಅಂಟಿಸಲು ಅನ್ನದ ಅಗುಳು ತಂದುಕೊಂಡೆ. ಅದು ಒಣಗಿಹೋಯಿತು, ನನಗೆ ಅಂಟಿಸಲಾಗಲಿಲ್ಲ. ಹೇಳಬೇಡ ಎಂದು ನಿನ್ನ ಅಪ್ಪ ನನ್ನ ಕೈ ಹಿಡಿದು ಕೇಳಿಕೊಂಡಿದ್ದಾನೆ. ಹೇಳುತ್ತೇನೆ.

ಕುಚ್ಚು ಕತ್ತರಿಸಿದ್ದು ಜಿರಲೆಗಲ್ಲ, ಅವನ ಎಡಗಾಲಿಗೆ. ಈಗ ಅದು ಎಳೆಯುತ್ತದೆ, ಎಲ್ಲಕ್ಕೂ ತೊಡರುತ್ತದೆ. ಅಫಜಲಪುರದ ದೌಲತರಾಯರ ಮನೆಯ ಕುಬಸದ ಕಾರ್ಯದಲ್ಲಿ ಜಮಖಾನದ ಮೇಲೆ ಕೂತವನಿಗೆ ಏಳಲಾಗಲಿಲ್ಲ. ಇಬ್ಬರು ರಟ್ಟೆ ಹಿಡಿದು ಎತ್ತಿದರು, ಎಲ್ಲರ ಮುಂದೆ. ಕಾಲಿಗೆ ಜೋಮು ಹಿಡಿಯಿತು ಎಂದು ನಕ್ಕ. ಹೋದ ತಿಂಗಳು ಕಲಬುರಗಿಗೆ ಬಂದದ್ದು ಡಾಕ್ಟರಿಗೆ ತೋರಿಸಲು. ಸೊಂಟದ ನರ ಸೋತಿದೆ, ಇನ್ನು ನೆಲಕ್ಕೆ ಕೂಡಬೇಡಿ ಎಂದರಂತೆ. ಅಲ್ಲಿಂದ ಅವನು ಮನೆಗೆ ಬರಲಿಲ್ಲ, ನೆಟ್ಟಗೆ ನಿನ್ನ ಬಾಗಿಲಿಗೆ ಬಂದ.

ಯಾಕೋ ಕೂಡಲಿಲ್ಲ, ಹುಡುಗಿ ಅಳುತ್ತಿದ್ದಾಳೆ ಎಂದು ನಾನು ಬೈದೆ. ಆಗ ಅಂದ: "ಕುಂತ್ರ ಎಬ್ಬಸಾಕ ಅಳಿಯನ್ನೇ ಕರೀಬೇಕವ್ವ. ಎರಡು ವರ್ಷ ಮಾರಿ ನೋಡದವನ ಕೈ ಹಿಡದು ಹ್ಯಾಂಗ ಏಳ್ಲಿ?"

ಕೈಯಿರುವ ಗಟ್ಟಿ ಕುರ್ಚಿ ಒಂದು ತಾ, ಹಳೆಯದಾದರೂ ನಡೆಯುತ್ತದೆ. ಅವನು ಬಂದ ಮೇಲೆ ತಂದಿಡಬೇಡ, ಮೊದಲೇ ಅಲ್ಲಿ ಇರಲಿ, ಅದರ ಮೇಲೊಂದು ಪೇಪರು ಬಿದ್ದಿರಲಿ. ಜಮಖಾನ ಅದರ ಎಡಪಕ್ಕಕ್ಕೆ ಹಾಸು. ಅನೀಲಕುಮಾರ ಜಮಖಾನದ ಮೇಲೆ ಕೂಡಲಿ, ಕುರ್ಚಿಗೆ ತಾಗಿಕೊಂಡು ಕೂಡಲಿ, ಊಟ ಮುಗಿದರೂ ಏಳದಿರಲಿ. ನಿನ್ನ ಅಪ್ಪ ಏಳುವಾಗ ಅವನ ಎಡಗೈ ಆಸರೆ ಹುಡುಕುತ್ತದೆ. ಅಲ್ಲಿ ಆ ಹುಡುಗನ ಹೆಗಲು ಇರಲಿ.